‘ಕೋಜಿ’ ಎಂಬ ವಿಶೇಷಣ

14 ಡಿಸೆಂಬರ್ 2023, ಗುರುವಾರ

ಇಂಗ್ಲಿಷ್ ಬರಹವೊಂದನ್ನು ತಿದ್ದುತ್ತಿದ್ದಾಗ ವಿಮಾನ ನಿಲ್ದಾಣದ ವಿಶಾಲವಾದ ನಿರೀಕ್ಷಣಾ ಕೊಠಡಿಯನ್ನು ‘ಕೋಜಿ’ (cosy) ಎಂದು ಬಣ್ಣಿಸಿದ್ದು ಕಣ್ಣಿಗೆ ಬಿತ್ತು. ನಿಘಂಟುಗಳು ಈ ಪದಕ್ಕೆ ‘ಬೆಚ್ಚಗಿನ, ಹಿತವಾದ’ ಎಂಬ ಅರ್ಥ ಕೊಡುವುದರಿಂದ ಬರೆದವರನ್ನು ದೂರುವಂತಿಲ್ಲ. ಆದರೆ ಮೆತ್ತನೆಯ ಆಸನವೂ ಹದವಾದ ಶಾಖವೂ ಇದ್ದ ಮಾತ್ರಕ್ಕೆ ಅಂಥ ಜಾಗ ‘ಕಂಫರ್ಟಬಲ್’ ಆದೀತೇ ಹೊರತು ಕೋಜಿ ಆಗದು. ಕೋಜಿ ಎನ್ನಿಸಿಕೊಳ್ಳಲು ಜಾಗ ಚಿಕ್ಕದಾಗಿರಬೇಕು, ಹೊರಗಿನ ಚಳಿಗೋ ಗದ್ದಲಕ್ಕೋ ಅಲ್ಲಿ ಮರೆ ಇರಬೇಕು, ಒಳಗಿರುವವರಿಗೆ ಸಂಕೋಚವಿರಬಾರದು. ಬಿಸಿಲಿಗೆ ಕಾದು ಬೇಯುವ ಕೋಣೆ ಎಷ್ಟೇ ಚಿಕ್ಕದಾಗಿದ್ದರೂ ಅದನ್ನು ಯಾರೂ ಹೀಗೆ ಕರೆಯುವುದಿಲ್ಲ.

ಪದ 18ನೆಯ ಶತಮಾನದ ಆದಿಯಲ್ಲಿ ಸ್ಕಾಟ್‌ಲೆಂಡಿನ ಆಡುಮಾತಿನಿಂದ ಬಂದದ್ದು. ನಾರ್ವೇಜಿಯನ್ ಭಾಷೆಯ ‘ಕೋಸೆಲಿ’ ಇದರ ನಂಟಿನದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ. ಬ್ರಿಟಿಷರು ಇದನ್ನು ‘ಎಸ್’ ಹಾಕಿಯೂ (cosy) ಅಮೆರಿಕನ್ನರು ‘ಜೆಡ್’ ಹಾಕಿಯೂ (cozy) ಬರೆಯುತ್ತಾರೆ, ಉಚ್ಚಾರ ಒಂದೇ. ಚಹಾದ ಕುಡಿಕೆ ಆರದಂತೆ ಹೊದಿಸುವ ಹೆಣೆದ ಕವಚಕ್ಕೂ ‘ಟೀ ಕೋಜಿ’ ಎಂಬ ಹೆಸರಿದೆ. ಅಲ್ಲಿ ಅದು ನಾಮಪದ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇದೇ ಗುಣಗಳು ಪದವನ್ನು ನಿಂದೆಯ ಕಡೆಗೂ ಎಳೆದೊಯ್ಯುವ ಬಗೆ. ಮನೆ ಬಾಡಿಗೆಯ ಜಾಹೀರಾತು ‘ಕೋಜಿ’ ಎಂದರೆ ಇಕ್ಕಟ್ಟು ಎಂದು ಓದಿಕೊಳ್ಳುವುದೇ ಜಾಣತನ. ಎರಡು ಕುರ್ಚಿ ಹಾಕಿದರೆ ಬಾಗಿಲು ತೆರೆಯದ ಕೋಣೆಗೂ ಈ ಮಾತು ಸಲ್ಲುತ್ತದೆ. ಪತ್ರಿಕೆಯೊಂದು ನಿಯಂತ್ರಕರಿಗೂ ಉದ್ಯಮಿಗಳಿಗೂ ‘ಕೋಜಿ’ ಸಂಬಂಧವಿದೆ ಎಂದು ಬರೆದರೆ ಅದು ಸ್ನೇಹದ ಹೊಗಳಿಕೆಯಲ್ಲ, ಇಬ್ಬರೂ ಒಳಗೊಳಗೇ ಹೊಂದಿಕೊಂಡಿದ್ದಾರೆ ಎಂಬ ಆರೋಪ. ಹೊರಗಿನವರನ್ನು ದೂರವಿಡುವ ಆಪ್ತತೆ ಒಳಗಿರುವವರಿಗೆ ಹಿತವೆನಿಸಿದರೂ ಹೊರಗೆ ನಿಂತವರಿಗೆ ಸಂಶಯಾಸ್ಪದವಾಗಿಯೇ ಕಾಣುತ್ತದೆ. ಪತ್ತೇದಾರಿ ಕಥೆಗಳ ಒಂದು ಪ್ರಭೇದಕ್ಕೂ ಇದೇ ಹೆಸರು: ಅಲ್ಲಿ ಕೊಲೆ ನಡೆದರೂ ರಕ್ತಪಾತದ ವರ್ಣನೆ ಇರುವುದಿಲ್ಲ, ಪತ್ತೆ ಹಚ್ಚುವವರು ಸಾಮಾನ್ಯವಾಗಿ ಹವ್ಯಾಸಿಗಳು. ಕೊಲೆಯನ್ನೂ ಬೆಚ್ಚಗೆ ಕುಳಿತು ಓದುವಂತೆ ಮಾಡಿದ ಈ ಪ್ರಭೇದಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಕ್ರಿಯಾಪದವಾದಾಗ ಇನ್ನಷ್ಟು ಎಚ್ಚರ ಬೇಕು. ಮಗು ತಾಯಿಗೆ ‘ಕೋಜಿ ಅಪ್’ ಆಯಿತೆಂದರೆ ಒತ್ತಿಕೊಂಡು ಮುದುಡಿತೆಂದು ಅರ್ಥ. ರಾಜಕಾರಣಿಯೊಬ್ಬ ಶ್ರೀಮಂತನಿಗೆ ಹಾಗಾದನೆಂದರೆ ಲಾಭಕ್ಕಾಗಿ ಓಲೈಸುತ್ತಿದ್ದಾನೆಂದು ಅರ್ಥ. ಬರಹದಲ್ಲಿದ್ದ ಆ ನಿರೀಕ್ಷಣಾ ಕೊಠಡಿಗೆ ‘ಕಂಫರ್ಟಬಲ್’ ಎಂದು ತಿದ್ದಿ ಕಳುಹಿಸಿದೆ.