ಕೊರಿಂಥಕ್ಕೆ ಹೋದರೆ ಕೆಂಖ್ರೆಯನ್ನೂ ನೋಡಿ ಬನ್ನಿ

ಗ್ರೀಸ್‌ಗೆ ಹೋದ ಬಹಳ ಜನ ಕೊರಿಂಥವನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಕಾಲುವೆಯ ಸೇತುವೆ ಮೇಲೊಂದು ಫೋಟೊ, ಅಪೊಲೊ ಗುಡಿಯ ಕಂಬಗಳ ಮುಂದೆ ಇನ್ನೊಂದು. ಯೆಹೂದ್ಯರಾಗಿ ಹುಟ್ಟಿ ಯೇಸುವಿನ ಸಂದೇಶ ಸಾರಿದ ಸಂತ ಪೌಲರು ನಡೆದಾಡಿದ ಜಾಗ ನೋಡಬೇಕೆಂದು ಹೊರಟವರು ಒಂದು ರಾತ್ರಿ ಅಲ್ಲೇ ಉಳಿಯಿರಿ. ಅವರೇ ಅಲ್ಲಿ ಒಂದೂವರೆ ವರ್ಷ ಇದ್ದರು.

ಅಥೆನ್ಸ್‌ನಿಂದ ಸುಮಾರು 80 ಕಿ.ಮೀ. ರೈಲು, ಬಸ್ಸು ಎರಡೂ ಇವೆ. ಆದರೆ ಇಳಿಯುವುದು 1858ರ ಭೂಕಂಪದ ನಂತರ ಕಟ್ಟಿದ ಹೊಸ ಪಟ್ಟಣದಲ್ಲಿ. ಹಳೇ ಕೊರಿಂಥ ಇನ್ನೂ ಏಳೆಂಟು ಕಿ.ಮೀ. ಆಚೆ. ಭಾನುವಾರ ಊರ ಬಸ್ಸು ನಂಬಿ ನಾವು ಒಂದೂವರೆ ಗಂಟೆ ಬಿಸಿಲಲ್ಲಿ ಕಾದೆವು. ನೀವು ಟ್ಯಾಕ್ಸಿ ಹಿಡಿಯಿರಿ. ಅವಶೇಷಗಳ ನಡುವೆ ನೆರಳು ಕಡಿಮೆ, ಟೋಪಿ, ನೀರು ಇರಲಿ, ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಹೋಗಿ.

ಹಿಂದಿನ ರಾತ್ರಿ ಬೈಬಲಿನ 'ಅಪೊಸ್ತಲರ ಕೃತ್ಯಗಳು' 18ನೇ ಅಧ್ಯಾಯ ಓದಿಕೊಂಡಿರಿ. ಆಗ ಮ್ಯೂಸಿಯಂನಲ್ಲಿರುವ ಒಂದು ಒಡೆದ ಕಲ್ಲು ನಿಮ್ಮನ್ನು ನಿಲ್ಲಿಸುತ್ತದೆ. ಬಾಗಿಲ ಮೇಲಿನ ತೊಲೆಗಲ್ಲಿನ ತುಂಡದು. ಅಂಕುಡೊಂಕಾದ ಗ್ರೀಕ್ ಅಕ್ಷರಗಳಲ್ಲಿ 'ಇಬ್ರಿಯರ (ಅಂದರೆ ಯೆಹೂದ್ಯರ) ಸಭಾಮಂದಿರ' ಎಂದಿದೆ, ಅಲ್ಲಲ್ಲಿ ಅಕ್ಷರ ಹೋಗಿವೆ. ಪೌಲರ ಕಾಲದ ನಂತರದ ಕಲ್ಲು, ಆದರೂ ಯೆಹೂದ್ಯರು ಈ ಊರಲ್ಲಿ ಬಾಳಿದ್ದಕ್ಕೆ ಕೈಗೆಟಕುವ ಸಾಕ್ಷಿ. ಪೌಲರು ಮೊದಲು ಮಾತಾಡಿದ್ದು ಇಂಥದೇ ಮಂದಿರದಲ್ಲಿ, ಪ್ರತಿ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ. ಅಲ್ಲಿನವರು ಎದುರು ಬಿದ್ದಾಗ, ಇನ್ನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಬಳಿಗೆ ಹೋಗುತ್ತೇನೆ ಎಂದು ಹೊರಬಂದರು. ಹೋದದ್ದೆಲ್ಲಿಗೆ? ಮಂದಿರಕ್ಕೆ ಒತ್ತಿಕೊಂಡಿದ್ದ ಯುಸ್ತನ ಮನೆಗೆ! ಮಂದಿರದ ಅಧ್ಯಕ್ಷ ಕ್ರಿಸ್ಪನೇ ಮನೆಮಂದಿಯೊಡನೆ ಯೇಸುವನ್ನು ನಂಬಿದ. ನಂಟು ಕಡಿದು ಹೋದವರು ಗೋಡೆಯಾಚೆಗೇ ಮನೆ ಹಿಡಿಯುತ್ತಾರೆಯೇ?

ಪೇಟೆಯ ನಡುವಿನ ಬೇಮಾ, ಅಂದರೆ ನ್ಯಾಯಪೀಠದ ಕಟ್ಟೆ, ಇವತ್ತಿಗೂ ಇದೆ. ಪೌಲರ ಮೇಲಿನ ದೂರನ್ನು ರೋಮನ್ ಅಧಿಪತಿ ಗಲ್ಲಿಯೋನ ಇಲ್ಲೇ ತಳ್ಳಿಹಾಕಿದ್ದೆಂದು ಹೇಳುತ್ತಾರೆ. ಡೆಲ್ಫಿಯ ಶಾಸನದಲ್ಲಿ ಅವನ ಹೆಸರು ಸಿಕ್ಕಿದ್ದರಿಂದಲೇ ಇದೆಲ್ಲ ಕ್ರಿ.ಶ. 51ರ ಆಸುಪಾಸು ಎಂದು ಗೊತ್ತಾದದ್ದು.

ಸಂಜೆಗೆ ಕೊರಿಂಥದ ಹಳೇ ಬಂದರು ಕೆಂಖ್ರೆಗೆ ಹೋಗಿ. ಟಿಕೆಟ್ಟಿಲ್ಲ, ಅಂಗಡಿಯಿಲ್ಲ, ತಿಳಿನೀರಲ್ಲಿ ಅರ್ಧ ಮುಳುಗಿದ ಹಳೇ ಬಂದರಿನ ಗೋಡೆಗಳಷ್ಟೇ. ಸಿರಿಯಾಕ್ಕೆ ಹಡಗು ಹತ್ತುವ ಮುನ್ನ ಪೌಲರು ಹರಕೆ ಇದ್ದುದರಿಂದ ಇಲ್ಲಿ ತಲೆ ಬೋಳಿಸಿಕೊಂಡರು, ಯೆಹೂದ್ಯರ ಪದ್ಧತಿಯಂತೆ. ಮುಡಿ ಕೊಡುವುದನ್ನು ಕಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕತ್ತಲಾಗುವ ತನಕ ಆ ಕಲ್ಲುಗಳ ಮೇಲೆ ಕೂತಿದ್ದೆವು.