ಲೈನ್ ಮನೆಯವರಿಗೆ ಹಾವು ಕಚ್ಚಿದರೆ

ಕಾಫಿ ತೋಟದಲ್ಲಿ ಹಾವು ಕಚ್ಚುವುದು ಹೆಚ್ಚಾಗಿ ತರಗೆಲೆಯೊಳಗೆ ಕೈ ಹಾಕುವವರಿಗೆ, ಅಂದರೆ ಕಳೆ ತೆಗೆಯುವ, ಉದುರಿದ ಹಣ್ಣು ಆಯುವ ಕೆಲಸದವರಿಗೆ. ಮಾಲೀಕರ ಅಂಗಳದಲ್ಲಿ ಜೀಪಿರುತ್ತದೆ. ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರು, 108 ಆಂಬುಲೆನ್ಸಿಗೆ ಫೋನ್ ಮಾಡಲು ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಬೇಕು, ರಾತ್ರಿಯಾದರೆ ಆನೆ ಭಯ ಬೇರೆ. ಯಾವ ಗಾಡಿ, ಯಾರು ಓಡಿಸುವುದು, ಯಾವ ಆಸ್ಪತ್ರೆಗೆ ಎಂಬುದನ್ನು ಕೊಯ್ಲಿಗೆ ಮುಂಚೆಯೇ ಗೊತ್ತುಮಾಡಿ ಲೈನ್ ಗೋಡೆಯ ಮೇಲೆ ಬರೆದಿಡಬೇಕು. ಕಚ್ಚಿದ ಜಾಗ ಕೊಯ್ಯಬಾರದು, ಬಿಗಿಯಬಾರದು. ಬಳೆ, ಉಂಗುರ ತೆಗೆದು, ಕೈಕಾಲಿಗೆ ದಬ್ಬೆ ಕಟ್ಟಿ, ನಡೆಸದೆ ಹೊತ್ತು ತರಬೇಕು.

ಜೀವ ಹೋಗುವುದು ಬಹಳ ಸಲ ಇದರ ಮುಂದಿನ ಹಂತದಲ್ಲಿ. ಪ್ರತಿವಿಷದಿಂದ (ಹಾವಿನ ವಿಷಕ್ಕೆ ಕೊಡುವ ಮದ್ದು) ಅಲರ್ಜಿಯಾದೀತೆಂದು ಹೆದರಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅದರ ಒಂದು ವಯಲ್ (ಸಣ್ಣ ಸೀಸೆ) ಕೂಡ ಕೊಡದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ವಿಷ ಅಷ್ಟು ಹೊತ್ತು ಕಾಯುವುದಿಲ್ಲ. ಅಲರ್ಜಿ ತಡೆಯುವ ಅಡ್ರಿನಲಿನ್ ಮದ್ದನ್ನು ಸಿರಿಂಜಿಗೆ ಮೊದಲೇ ಎಳೆದಿಟ್ಟುಕೊಂಡರೆ (ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಸ್ನಾಯುವಿಗೆ) ಅಲರ್ಜಿಯನ್ನು ಅಲ್ಲೇ ನಿಭಾಯಿಸಬಹುದು. ವಿಷದ ಲಕ್ಷಣ ಕಂಡರೆ 10 ವಯಲ್ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಕೊಡಬೇಕು. ಮಗುವಿಗೂ ಅಷ್ಟೇ, ಹಾವು ಮಕ್ಕಳಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಪ್ರತಿವಿಷದ ಪುಡಿ ಕರಗಿಸುವಾಗ ವಯಲನ್ನು ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಬೇಕು.

ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಇದನ್ನು ತಿಳಿಯಲು ಲ್ಯಾಬ್ ಬೇಡ: ಒಣ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ವಾಲಿಸಿ ನೋಡಿದರೆ ಸಾಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ. ಆದರೆ ಟ್ಯೂಬು ಪ್ಲಾಸ್ಟಿಕ್‌ನದಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ವಿಷವಿಲ್ಲದವರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಹೊಸ ಗಾಜಿನ ಟ್ಯೂಬುಗಳನ್ನು ಪ್ರತಿವಿಷದ ಜೊತೆಗೇ ಇಡಬೇಕು. ಎಷ್ಟು ಅಗ್ಗದ ವಸ್ತು, ಬೇಕಾದಾಗ ಇಲ್ಲದಿರುವುದೂ ಇದೇ!

ನಮ್ಮ ಮಲೆಯ ಇನ್ನೊಂದು ತೊಡಕು ಗುಳಿಮಂಡಲ ಎಂಬ ಹಾವು. ಭಾರತದಲ್ಲಿ ಸಿಗುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಮಾಡುತ್ತಾರೆ. ಗುಳಿಮಂಡಲ ಕಚ್ಚಿದರೆ ಆ ಪ್ರತಿವಿಷ ಕೆಲಸ ಮಾಡುವುದಿಲ್ಲ. ಅಂಥವರ ಮೂತ್ರದ ಪ್ರಮಾಣ ಗಮನಿಸುತ್ತಿದ್ದು, ಕಡಿಮೆಯಾದರೆ ಡಯಾಲಿಸಿಸ್ ಇರುವ ಕಡೆಗೆ ಬೇಗ ಕಳಿಸಬೇಕು.

ಅಸ್ಸಾಮಿನಿಂದ ಬಂದ ಕೆಲಸದವರು ಇಲ್ಲಿನ ರೇಷನ್ ಕಾರ್ಡ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಗೆ ಬರಲು ಹಿಂಜರಿಯುತ್ತಾರೆ. ಪ್ರತಿವಿಷಕ್ಕೆ ಕಾರ್ಡ್ ಬೇಕಿಲ್ಲ. ಲೈನ್ ಗೋಡೆಯ ಬರಹದಲ್ಲಿ ಈ ಮಾತೂ ಇರಲಿ, ಅವರ ಭಾಷೆಯಲ್ಲಿ.