ಮೀನಿನ ವಾಸನೆ ಅಂತ ಟಿಕೆಟ್ ಕ್ಲೋಸ್ ಮಾಡಿದ್ದೆ

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಲ್ಮೆಟ್ ತೆಗೆಯುವುದಕ್ಕೆ ನನಗೆ ಈಗಲೂ ಮುಜುಗರ. ಅಲ್ಲಿನ ಸೆಕ್ಯೂರಿಟಿ ಯಜಮಾನ್ರು ನನ್ನನ್ನು ನೋಡಿದರೆ ನಗುತ್ತಾರೆ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮನೆ, ಅಪಾರ್ಟ್‌ಮೆಂಟ್‌ಗಳಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ. ದಿನಕ್ಕೆ ಐದು ವಿಸಿಟ್ ಟಾರ್ಗೆಟ್. ಸಿಲ್ಕ್ ಬೋರ್ಡ್ ಆಚೆಗೆ ಒಂದು ಟಿಕೆಟ್ (ಕಂಪ್ಲೇಂಟ್) ಬಿತ್ತು ಅಂದರೆ ಐದು ಮೂರಾಗುತ್ತದೆ. ಅದು ನಮ್ಮ ಮ್ಯಾನೇಜರ್ ಎಕ್ಸೆಲ್ ಶೀಟಿಗೆ ಅರ್ಥವಾಗುವುದಿಲ್ಲ.

ಆ ದಿನದ ಟಿಕೆಟ್ 'ಇತರೆ' ಕೆಟಗರಿಯಲ್ಲಿ ಬಂದಿತ್ತು. ನಮ್ಮ ಆ್ಯಪ್‌ನಲ್ಲಿ ಕಂಪ್ಲೇಂಟ್ ಆರಿಸಲು ಇರುವುದೇ ನಾಲ್ಕು: ಚಾರ್ಜರ್ ಆನ್ ಆಗುತ್ತಿಲ್ಲ, ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಲಾಕ್, ನೆಟ್‌ವರ್ಕ್ ಇಲ್ಲ, ಇತರೆ. ವಾಸನೆ ಅನ್ನುವುದು ಆ ಆ್ಯಪ್ ಮಾಡಿದವರ ತಲೆಗೇ ಬಂದಿಲ್ಲ. ಕೆಳಗೆ ಮೇಡಂ ಬರೆದಿದ್ದರು: 'ರಾತ್ರಿ ಕಾರು ಚಾರ್ಜಿಗೆ ಹಾಕಿದರೆ ಸುಟ್ಟ ವಾಸನೆ. ಮೀನಿನ ವಾಸನೆ ಥರ.'

ಓದಿ ನಕ್ಕೆ. ಆಫೀಸ್ ಗ್ರೂಪ್‌ನಲ್ಲಿ ಸ್ಕ್ರೀನ್‌ಶಾಟ್ ಹಾಕಿ, 'ಇವತ್ತು ಲಂಚ್ ಜೆ.ಪಿ. ನಗರದಲ್ಲಿ' ಅಂತ ಬರೆದೆ. ಏಳೆಂಟು ನಗುವ ಮುಖಗಳು ಬಂದವು.

ಬೆಳಗ್ಗೆ ಹನ್ನೊಂದಕ್ಕೆ ಹೋದೆ. ಬೇಸ್‌ಮೆಂಟ್ ಎರಡರಲ್ಲಿ ನಮ್ಮ 7.2 ಕಿಲೋವ್ಯಾಟ್ ಬಾಕ್ಸ್, ಏಳು ತಿಂಗಳ ಹಿಂದೆ ನಾನೇ ಹಾಕಿದ್ದು. ವೋಲ್ಟೇಜ್ 236, ಅರ್ಥಿಂಗ್ ಸರಿ, ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟಪ್ ಅಂತ ಬಿತ್ತು. ನಮ್ಮ ಡಬ್ಬಿ ಬಿಚ್ಚಿ ಎಲ್ಲ ಸ್ಕ್ರೂ ನೋಡಿದೆ. ಗನ್ನಿನ ಪಿನ್ ಹೊಳೆಯುತ್ತಿದ್ದವು. ಕಾರಿಗೆ ಹಾಕಿದೆ, ಚಾರ್ಜ್ ಆಯಿತು. ಹತ್ತು ನಿಮಿಷ ಮೂಗು ಅರಳಿಸಿಕೊಂಡು ನಿಂತೆ. ಫಿನಾಯಿಲ್ ವಾಸನೆ ಬಿಟ್ಟರೆ ಏನೂ ಇಲ್ಲ.

ಕಾರಿನ ಬ್ಯಾಟರಿ 97 ಪರ್ಸೆಂಟ್ ಇತ್ತು. ಕ್ಲ್ಯಾಂಪ್ ಮೀಟರ್ 8 ಆಂಪಿಯರ್ ತೋರಿಸುತ್ತಿತ್ತು. ಎರಡನ್ನೂ ಬರೆದುಕೊಂಡೆ. ಎರಡರ ಬಗ್ಗೆಯೂ ಯೋಚಿಸಲಿಲ್ಲ. ಬ್ಯಾಟರಿ ತುಂಬುತ್ತಾ ಬಂದಾಗ ಕಾರು ತಾನಾಗಿಯೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತದೆ ಅಂತ ಹೊಸ ಹುಡುಗರಿಗೆ ಟ್ರೇನಿಂಗ್ ಕೊಡುವವನು ನಾನೇ.

ಅಷ್ಟರಲ್ಲಿ ಸೆಕ್ಯೂರಿಟಿ ಯಜಮಾನ್ರು ಬಂದರು. ಅರವತ್ತರ ಹತ್ತಿರ ವಯಸ್ಸು, ಕೊಪ್ಪಳದ ಕಡೆಯವರು. "ಸರ, ಮೀನಿಂದಲ್ರೀ ಇದು. ನಾ ಹತ್ತ ವರ್ಷ ಮಲ್ಪ್ಯಾಗ ಬೋಟಿನ್ಯಾಗ ದುಡದೇನಿ. ಮೀನಿನ ವಾಸ್ನಿ ನನಗ ಗೊತ್ತಾಗಂಗಿಲ್ಲೇನ್ರಿ?" ಅಂದರು. ಮುಂದಿನ ವಿಸಿಟ್ ಬನಶಂಕರಿಯಲ್ಲಿ, ಆಗಲೇ ಲೇಟ್. ನಾನು ಹೂಂ ಅಂದೆ, ಕೇಳಿಸಿಕೊಳ್ಳಲಿಲ್ಲ.

ಮೇಡಂ ಕೆಳಗೆ ಬಂದು ಏನಾಗಿತ್ತು ಅಂತ ಕೇಳಿದಾಗ ನಾನು ಹೇಳಿದ ಮಾತು ಇದು: "ಚಾರ್ಜರ್ ಪರ್ಫೆಕ್ಟ್ ಆಗಿದೆ ಮೇಡಂ. ಇಲ್ಲೇ ಯಾರೋ ರಾತ್ರಿ ಮೀನು ಹುರೀತಿರಬೇಕು." ಹೇಳುವಾಗ ನನ್ನ ಕಣ್ಣು ರ‍್ಯಾಂಪ್ ಕೆಳಗಿನ ಸೆಕ್ಯೂರಿಟಿ ರೂಮಿನ ಕಡೆ ಹೋಯಿತು. ಬೇಕಂತ ನೋಡಲಿಲ್ಲ, ಆದರೆ ಹೋಯಿತು. ಮೇಡಂ ಕೂಡ ಆ ಕಡೆ ನೋಡಿದರು.

'ಸಮಸ್ಯೆ ಕಂಡುಬಂದಿಲ್ಲ' ಅಂತ ಹಾಕಿ, ಫೋಟೋ ಏರಿಸಿ, ಓಟಿಪಿ ತೆಗೆದುಕೊಂಡು ಟಿಕೆಟ್ ಕ್ಲೋಸ್. ಮೊದಲ ವಿಸಿಟ್‌ನಲ್ಲೇ ಕ್ಲೋಸ್ ಆದರೆ ಸ್ಕೋರ್ ಏರುತ್ತದೆ.

ಆರನೇ ದಿನ ರಾತ್ರಿ ಹತ್ತೂಮುಕ್ಕಾಲಿಗೆ ಮೇಡಂ ಫೋನ್ ಬಂತು. "ನೀವು ನೋಡಿ ಹೋದ್ಮೇಲೂ ಅದೇ ವಾಸನೆ. ಈಗ ಬರ್ತಾ ಇದೆ. ನಮ್ಮತ್ತೆ ಲಿಫ್ಟಲ್ಲಿ ಕೆಳಗೆ ಬರೋದೇ ಬಿಟ್ಟಿದ್ದಾರೆ." ಚಾರ್ಜಿಂಗ್ ನಿಲ್ಲಿಸಿ ಅಂದೆ. ಅಷ್ಟಾದರೂ ಹೇಳಿದೆನಲ್ಲ.

ಹನ್ನೊಂದೂವರೆಗೆ ತಲುಪಿದೆ. ಈ ಸಲ ಬ್ಯಾಟರಿ 34 ಪರ್ಸೆಂಟ್. ಚಾರ್ಜಿಗೆ ಹಾಕಿದರೆ ನೇರವಾಗಿ 31 ಆಂಪಿಯರ್. ಟೆಂಪರೇಚರ್ ಗನ್ ಹಿಡಿದು ಕಾರಿನ ಸಾಕೆಟ್ಟಿಗೆ ಬಿಟ್ಟೆ, 41 ಡಿಗ್ರಿ. ನಮ್ಮ ಡಬ್ಬಿಯ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ಬೀಳುವ ಸ್ವಿಚ್) 46. ಎರಡೂ ಮಾಮೂಲಿ. ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಏನೂ ಇಲ್ಲ. ಮೇಡಂ ಆಕಳಿಸುತ್ತಾ ಮೇಲೆ ಹೋದರು. ನಾನು ಬ್ಯಾಗಿನ ಜಿಪ್ ಎಳೆದೆ.

ಇಪ್ಪತ್ತೈದು ನಿಮಿಷವಾಗಿರಬೇಕು, ಬಂತು. ಖಂಡಿತ ಮೀನೇ. ಹಳಸಿದ ಮೀನು. ಅದರ ಹಿಂದೆ ಒಂಚೂರು ಸುಟ್ಟ ಪ್ಲಾಸ್ಟಿಕ್. ಕಾರಿನ ಸುತ್ತ ನಾಯಿಯ ಹಾಗೆ ಮೂಸುತ್ತಾ ತಿರುಗಿದೆ. ಬಾನೆಟ್ ಹತ್ತಿರ ಬಂದ ಹಾಗಾಗುತ್ತದೆ, ಬಗ್ಗಿದರೆ ಇಲ್ಲ. ಬಾಕ್ಸಿನ ಹತ್ತಿರ ಇಲ್ಲ. ಎಲ್ಲ ಕಡೆ ಇದೆ, ಎಲ್ಲೂ ಇಲ್ಲ.

"ಇತ್ತ ಬರ್ರಿ ಸರ. ಫ್ಯಾನ್ ಅತ್ತಲಿಂದ ಇತ್ತ ಊದತೈತಿ."

ಯಜಮಾನ್ರು ಟಾರ್ಚ್ ಹಿಡಿದು ನಲವತ್ತು ಮೀಟರ್ ದೂರದ ಕಂಬದ ಹತ್ತಿರ ನಿಂತಿದ್ದರು. ಬೇಸ್‌ಮೆಂಟಿನ ಗಾಳಿ ಫ್ಯಾನ್ ರಾತ್ರಿ ಟೈಮರಿನಲ್ಲಿ ಓಡುತ್ತದೆ. ಅದು ಮೀಟರ್ ರೂಮಿನ ಕಡೆಯ ಗಾಳಿಯನ್ನು ಪಾರ್ಕಿಂಗಿಗೆ ತಳ್ಳುತ್ತದೆ. ನಾನು ಮೂಗಿಟ್ಟು ಹುಡುಕುತ್ತಿದ್ದದ್ದು ಗಾಳಿ ಬಂದು ಸೇರುವ ಜಾಗದಲ್ಲಿ.

ಕಂಬದ ಹಿಂದೆ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಐಸೋಲೇಟರ್, ಅಂದರೆ ಲೈನ್ ಕಡಿಯುವ ಕೈ ಸ್ವಿಚ್. ಮೀಟರಿಂದ ಬರುವ ಕೇಬಲ್ ಅದರ ಮೂಲಕ ನಮ್ಮ ಚಾರ್ಜರಿಗೆ ಹೋಗುತ್ತದೆ. ಅದನ್ನು ಹಾಕಿದ್ದು ಅಸೋಸಿಯೇಷನ್ನಿನ ಎಲೆಕ್ಟ್ರಿಷಿಯನ್. ನಮ್ಮ ಸ್ಕೋಪ್ ಅಲ್ಲ. ಅದಕ್ಕೇ ಮೊದಲ ದಿನ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಟೆಂಪರೇಚರ್ ಗನ್ ಹಿಡಿದೆ. 88. ಮುಚ್ಚಳದ ಒಂದು ಮೂಲೆ ಟೀ ಬಣ್ಣಕ್ಕೆ ತಿರುಗಿತ್ತು. 91. 96.

ಆಗ ನಾನು ಮಾಡಲು ಹೋದದ್ದು ಹೇಳಲು ನಾಚಿಕೆ. ಮುಚ್ಚಳ ಎತ್ತಿ ಐಸೋಲೇಟರಿನ ಹಿಡಿಗೆ ಕೈ ಚಾಚಿದೆ. ಆಫ್ ಮಾಡಿಬಿಡೋಣ ಅಂತ. ಕೈ ಅರ್ಧಕ್ಕೆ ನಿಂತಿತು, ಬುದ್ಧಿಯಿಂದಲ್ಲ, ಬಿಸಿಗೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಹಿಡಿ ಮೇಣದ ಹಾಗೆ ಒಂದು ಕಡೆ ವಾಲಿತ್ತು. 31 ಆಂಪಿಯರ್ ಹರಿಯುತ್ತಿರುವಾಗ ಅದನ್ನು ಎಳೆದಿದ್ದರೆ ಹಿಡಿ ಕೈಗೆ ಬಂದು ಒಳಗಿನ ಕಾಂಟ್ಯಾಕ್ಟ್ ಹಾಗೇ ಉಳಿಯುತ್ತಿತ್ತು. ಇಲ್ಲವೇ ಅರ್ಧ ಬಿಟ್ಟುಕೊಂಡು ಮುಖದ ಮುಂದೆಯೇ ಆರ್ಕ್ (ದೊಡ್ಡ ಕಿಡಿ) ಹೊಡೆಯುತ್ತಿತ್ತು. ಮೊದಲು ಲೋಡ್ ಇಳಿಸಬೇಕು. ಐಟಿಐ ಮೊದಲ ವರ್ಷದ ಪಾಠ.

ಆ್ಯಪ್‌ನಲ್ಲಿ ಸ್ಟಾಪ್ ಒತ್ತಿದೆ. ಬೇಸ್‌ಮೆಂಟ್ ಎರಡರಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಚಕ್ರ ಸುತ್ತುತ್ತಾ ಇತ್ತು. ಕಾರಿನ ಕೀ ನಾಲ್ಕನೇ ಮಹಡಿಯಲ್ಲಿ. ಈ ಮಾಡೆಲ್‌ನಲ್ಲಿ ಎಮರ್ಜೆನ್ಸಿ ಬಟನ್ ಇಲ್ಲ, ಯಾರೋ ದುಡ್ಡು ಉಳಿಸಿದ್ದಾರೆ. ಆ ನಲವತ್ತು ಮೀಟರ್ ವಾಪಸ್ ಓಡಿ ನಮ್ಮ ಡಬ್ಬಿಯ ಎಂಸಿಬಿ ಇಳಿಸಿದೆ. ಲೋಡ್ ಇರುವಾಗಲೂ ಬಿಡಿಸಿಕೊಳ್ಳುವುದು ಅದರ ಕೆಲಸವೇ. ಬಾಕ್ಸಿನ ಹಸಿರು ದೀಪ ಆರಿತು.

ಆದರೂ ಐಸೋಲೇಟರ್ ಲೈವ್. ಅದಕ್ಕೆ ಕರೆಂಟ್ ಕೊಡುವ ಮೇಲಿನ ಎಂಸಿಬಿ ಮೀಟರ್ ರೂಮಿನಲ್ಲಿ, ಆ ರೂಮಿಗೆ ಬೀಗ, ಕೀ ಅಸೋಸಿಯೇಷನ್ ಮ್ಯಾನೇಜರ್ ಹತ್ತಿರ. ಅವರು ಮಲಗಿದ್ದಾರೆ. ಯಜಮಾನ್ರು ಇಂಟರ್‌ಕಾಮ್‌ನಲ್ಲಿ ಅವರನ್ನು ಎಬ್ಬಿಸಿ, ಗೋಡೆಯಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಳಿಸಿಕೊಂಡು ಬಂದು ನನ್ನ ಪಕ್ಕ ಕೂತರು. ನಾನು ಅರ್ಧ ನಿಮಿಷಕ್ಕೊಮ್ಮೆ ಗನ್ ಹಿಡಿಯುತ್ತಿದ್ದೆ. 93. 90. 84. 77. ಪ್ರತಿ ಸಂಖ್ಯೆಯನ್ನೂ ಯಜಮಾನ್ರು ಗಟ್ಟಿಯಾಗಿ ಓದುತ್ತಿದ್ದರು. ಎಪ್ಪತ್ತರ ಕೆಳಗೆ ಇಳಿದ ಮೇಲೆ ಬೆವರು ಒರೆಸಿಕೊಂಡೆ.

ಕೀ ಬರಲು ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಯಜಮಾನ್ರು ಹೇಳಿದರು. ನಾನು ಬಂದು ಹೋದ ಮರುದಿನ ರೆಸಿಡೆಂಟ್ಸ್ ಗ್ರೂಪ್‌ನಲ್ಲಿ ಜಗಳ ಆಯಿತಂತೆ. ಟೆಕ್ನಿಷಿಯನ್ನೇ ಹೇಳಿದ್ದಾನೆ, ಸೆಕ್ಯೂರಿಟಿ ರೂಮಿನಲ್ಲಿ ಮೀನು ಹುರಿಯುತ್ತಾರೆ ಅಂತ. ಸಂಜೆ ಮ್ಯಾನೇಜರ್ ಬಂದು ಅವರ ಇಂಡಕ್ಷನ್ ಒಲೆ ಎತ್ತಿಕೊಂಡು ಹೋದರಂತೆ. "ಅನ್ನ ಸಾರು ಮಾಡ್ಕೊಂತಿದ್ನಿರಿ ಅದರಾಗ. ಈಗ ಹೋಟೆಲ್ಲೇ." ಕೋಪ ಇರಲಿಲ್ಲ ಆ ದನಿಯಲ್ಲಿ, ಸುಮ್ನೆ ವಿಷಯ ತಿಳಿಸಿದ ಹಾಗಿತ್ತು. ನಾನು ಟೆಂಪರೇಚರ್ ಗನ್ನಿನ ಸ್ಕ್ರೀನ್ ನೋಡುತ್ತಾ ಕೂತೆ. 58 ಇತ್ತು.

ಮೇಲಿನ ಎಂಸಿಬಿ ಇಳಿಸಿ, ಟೆಸ್ಟರ್‌ನಲ್ಲೂ ಮೀಟರ್‌ನಲ್ಲೂ ಎರಡು ಸಲ ನೋಡಿ, ಐಸೋಲೇಟರ್ ಬಿಚ್ಚಿದೆ. ಫೇಸ್ ಕಡೆ ಚೆನ್ನಾಗಿತ್ತು. ನ್ಯೂಟ್ರಲ್ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟೆ, ಕಾಲು ಸುತ್ತೂ ತಿರುಗಲಿಲ್ಲ. ಅಷ್ಟು ಟೈಟ್. ವೈರ್ ಹಿಡಿದು ಎಳೆದೆ, ಕೈಗೇ ಬಂತು! ವೈರ್ ಸಾಕಷ್ಟು ಸುಲಿದಿರಲಿಲ್ಲ. ಸ್ಕ್ರೂ ಕೂತಿದ್ದದ್ದು ತಾಮ್ರದ ಮೇಲಲ್ಲ, ಇನ್ಸುಲೇಶನ್ ಮೇಲೆ. ತುದಿಯ ಕೆಲವೇ ಎಳೆಗಳು ಲೋಹಕ್ಕೆ ತಾಗುತ್ತಿದ್ದವು. ತಾಮ್ರ ಕಪ್ಪು, ನೇರಳೆ ಬಣ್ಣಕ್ಕೆ ತಿರುಗಿತ್ತು. ಇನ್ಸುಲೇಶನ್ ಸುಟ್ಟ ಹಪ್ಪಳದ ಹಾಗೆ ಬೆರಳಲ್ಲಿ ಪುಡಿಯಾಯಿತು. ವಾಸನೆ ನೋಡಿದೆ. ಅದೇ ಮೀನು.

ಮರುದಿನ ನಮ್ಮ ಸೀನಿಯರ್‌ಗೆ ತೋರಿಸಿದಾಗ ಅವರು ನಗಲಿಲ್ಲ. ಸ್ವಿಚ್, ಎಂಸಿಬಿ ಮಾಡುವ ಕೆಲವು ಜಾತಿಯ ಪ್ಲಾಸ್ಟಿಕ್ ಕಾದರೆ ಅಮೈನ್ ಅನ್ನುವ ಗುಂಪಿನ ಅನಿಲ ಬಿಡುತ್ತದಂತೆ. ಹಳಸಿದ ಮೀನು ನಾರುವುದೂ ಅದೇ ಗುಂಪಿನಿಂದ. "ಕಸ್ಟಮರ್ ಮೀನು ಅಂದ್ರೆ ನಾನು ಕರೆಂಟ್ ಅಂತಲೇ ಓದ್ಕೊಳ್ಳೋದು ಕಣೋ," ಅಂದರು. ಹತ್ತು ವರ್ಷದಿಂದ ಗೊತ್ತಿದ್ದವರು ಟ್ರೇನಿಂಗ್ ಸ್ಲೈಡಿನಲ್ಲಿ ಒಂದು ಸಾಲು ಹಾಕಬಹುದಿತ್ತು ಅಲ್ವಾ?

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಮೇಡಂ ಕೇಳಿದ್ದರು. ಬೀಳಲು ಕಾರಣವೇ ಇರಲಿಲ್ಲ. ಎಂಸಿಬಿಗೆ ಕರೆಂಟ್ ಜಾಸ್ತಿಯಾಗಬೇಕು, ಇಲ್ಲಿ 40 ಆಂಪಿಯರ್ ಎಂಸಿಬಿಯಲ್ಲಿ 31 ಹರಿಯುತ್ತಿತ್ತು. ಆರ್‌ಸಿಸಿಬಿಗೆ ಲೀಕ್ ಆಗಬೇಕು, ಇಲ್ಲಿ ಹೋದ ಕರೆಂಟೆಲ್ಲ ವಾಪಸ್ ಬರುತ್ತಿತ್ತು. ಲೂಸ್ ಕನೆಕ್ಷನ್ ಇವೆರಡರ ಕಣ್ಣಿಗೂ ಬೀಳುವುದಿಲ್ಲ. ಆ ಜಾಗದಲ್ಲಿ 0.025 ಓಮ್ ತಡೆ ಇದೆ ಅಂದುಕೊಳ್ಳಿ. 31 ಆಂಪಿಯರ್ ಹರಿದರೆ ಅಲ್ಲಿ ಸುಮಾರು 24 ವ್ಯಾಟ್ ಬಿಸಿ. ಮುಚ್ಚಿದ ಪುಟ್ಟ ಡಬ್ಬಿಯೊಳಗೆ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿ ಇಟ್ಟ ಹಾಗೆ, ಅದೂ ಗಂಟೆಗಟ್ಟಲೆ. ಗೀಸರ್ ಆದರೆ ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಕಾರು ಬೆಳಗಿನ ಜಾವದವರೆಗೂ ಎಳೆಯುತ್ತದೆ. ನಾನು ಮೊದಲ ದಿನ ಟೆಸ್ಟ್ ಮಾಡಿದ 8 ಆಂಪಿಯರಿಗೆ ಅದೇ ಜಾಗದಲ್ಲಿ 1.6 ವ್ಯಾಟ್. ಹತ್ತು ನಿಮಿಷ ಅಲ್ಲ, ಹತ್ತು ಗಂಟೆ ನಿಂತಿದ್ದರೂ ಮೀನು ಬರುತ್ತಿರಲಿಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ ಹೊಸ ಐಸೋಲೇಟರ್ ತಂದೆ. ಸುಟ್ಟಷ್ಟು ವೈರ್ ಕತ್ತರಿಸಿ, ತುದಿಗೆ ಲಗ್ (ಲೋಹದ ಟೊಪ್ಪಿ) ಕ್ರಿಂಪ್ ಮಾಡಿ, ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಬಿಗಿ ಮಾಡಿದೆ. ಟೀಮಿಗೆಲ್ಲ ಸೇರಿ ಇರುವುದು ಒಂದೇ ಟಾರ್ಕ್ ಸ್ಕ್ರೂಡ್ರೈವರ್, ಅದನ್ನು ತೆಗೆದುಕೊಳ್ಳಲು ಮೇಲ್ ಹಾಕಬೇಕು. ಅದನ್ನಿಟ್ಟ ಬೀಗದ ಕೀ ಇರುವವರು ಶನಿವಾರ ರಜೆ. ಕಾರು ಖಾಲಿ ಮಾಡಿಸಿ ತಂದು ಫುಲ್ ಲೋಡಿನಲ್ಲಿ ಒಂದೂವರೆ ಗಂಟೆ ಕೂತು ನೋಡಿದೆ. ಟೆಂಪರೇಚರ್ 43 ಡಿಗ್ರಿಗೆ ನಿಂತಿತು. ಆ ದಿನ ನನ್ನ ವಿಸಿಟ್ ಎರಡೇ, ನಮ್ಮ ಮ್ಯಾನೇಜರ್ ಕರೆದು ಯಾಕೆ ಅಂತ ಕೇಳಿದರು.

ಆರ್‌ಸಿಎ (ಯಾಕೆ ಕೆಟ್ಟಿತು ಅನ್ನುವ ರಿಪೋರ್ಟ್) ಬರೆಯುವಾಗ ಕಾರಣ 'ಥರ್ಡ್ ಪಾರ್ಟಿ ವೈರಿಂಗ್' ಅಂತ ಹಾಕಲು ಅವರೇ ಹೇಳಿದರು. ಸುಳ್ಳೇನಲ್ಲ. ಚಾರ್ಜರ್ ಹಾಕಿದ ದಿನ ತುಂಬಿದ ಹಳೇ ಕಮಿಷನಿಂಗ್ ಶೀಟ್ ಅಟ್ಯಾಚ್ ಮಾಡಬೇಕಿತ್ತು, ತೆಗೆದೆ. ಹನ್ನೊಂದನೇ ಸಾಲು: 'ಮೇಲಿನ ಐಸೋಲೇಟರ್ ತೆರೆದು ಪರಿಶೀಲಿಸಲಾಗಿದೆ.' ಪಕ್ಕದಲ್ಲಿ ಟಿಕ್. ಕೆಳಗೆ ನನ್ನ ಸಹಿ. ಆ ದಿನ ಡಬ್ಬಿ ತೆರೆದ ನೆನಪು ನನಗಿಲ್ಲ. ಮೇಲಿನ ಎಂಸಿಬಿ ಇಳಿಸಲು ಮೀಟರ್ ರೂಮಿನ ಕೀ ಸಿಕ್ಕಿರಲಿಲ್ಲ, ಅದು ನೆನಪಿದೆ. ಇಪ್ಪತ್ತೆರಡು ಟಿಕ್‌ಗಳೂ ಒಂದೇ ಓಟದಲ್ಲಿ ಹಾಕಿದ್ದು, ಎಲ್ಲ ಒಂದೇ ಕಡೆ ವಾಲಿವೆ.

ಆರ್‌ಸಿಎಯಲ್ಲಿ ಅದನ್ನೂ ಬರೆದೆ. ಮ್ಯಾನೇಜರ್ ಆ ಸಾಲು ತೆಗೆಸಿದರು. ನಾನು ಜಾಸ್ತಿ ವಾದಿಸಲಿಲ್ಲ.

ಮೇಡಂಗೆ ಮಾತ್ರ ಎಲ್ಲ ಹೇಳಿದೆ, ಮೀನು ಹುರಿಯುವ ಮಾತು ಸೇರಿಸಿ. ಅವರು ಗ್ರೂಪ್‌ನಲ್ಲಿ ಹಾಕಿದರು. ಎರಡು ಜನ ಹೆಬ್ಬೆಟ್ಟು ಒತ್ತಿದರು. ನಂತರ ಯಾರೋ ನೀರಿನ ಟ್ಯಾಂಕರ್ ವಿಷಯ ಎತ್ತಿದರು.

ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಹೋಗುತ್ತೇನೆ. ಹೋದಾಗಲೆಲ್ಲ ಅಸೋಸಿಯೇಷನ್ ಆಫೀಸಿಗೂ ಹೋಗಿ ಒಲೆ ವಾಪಸ್ ಕೊಡಿ ಸಾರ್ ಅಂತ ಕೇಳುತ್ತೇನೆ. ಕೊಡೋಣ, ಮುಂದಿನ ಮೀಟಿಂಗ್‌ನಲ್ಲಿ ಇಡ್ತೀವಿ ಅನ್ನುತ್ತಾರೆ. ಕಳೆದ ಸಲ ಹೋದಾಗಲೂ ಅದು ಅವರ ಫೈಲ್ ಕಪಾಟಿನ ಮೇಲೆ ಇತ್ತು, ವೈರ್ ಸುತ್ತಿ, ಮೇಲೊಂದು ಹಳೇ ಕ್ಯಾಲೆಂಡರ್ ಇಟ್ಟು.